ಶಾಲೆ, ಆಫೀಸು, ಫ್ಯಾಕ್ಟರಿ: ಯಾರನ್ನೂ ಹೊರಗಿಡದ ಹಾಗೆ ನಿಮ್ಮಲ್ಲಿ ಏನು ಮಾಡಿದ್ದೀರಿ?

ಆರನೇ_ಕ್ಲಾಸ್_ಟೀಚರ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಬಳ್ಳಾಪುರ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್.

ಈ ವರ್ಷ ಆರನೇ ಕ್ಲಾಸಿಗೆ ಒಬ್ಬ ಹುಡುಗ ಸೇರಿದ್ದಾನೆ. ಎರಡೂ ಕಿವಿಗೆ ಮಷಿನ್ ಇದೆ. ಓದಿನಲ್ಲಿ ಚುರುಕು. ಮಕ್ಕಳು ಅವನನ್ನು ಚುಡಾಯಿಸುವುದಿಲ್ಲ. ಆದರೆ ಮಾತೂ ಆಡಿಸುವುದಿಲ್ಲ. ಆಟದ ಪೀರಿಯಡ್‌ನಲ್ಲಿ ಸ್ಕೋರ್ ಬರೆಯುವುದು ಅವನ ಕೆಲಸ, ಅದೇ ಖಾಯಂ ಆಗಿಬಿಟ್ಟಿದೆ.

ಬಿಸಿಯೂಟದ ಹೊತ್ತಿಗೆ ಇನ್ನೊಂದು ಕಥೆ. ಹೆಸರಿಗೆ ಒಂದೇ ಸಾಲು. ಆದರೆ ಊರಿನಲ್ಲಿ ಯಾವ ಬೀದಿ ಪಕ್ಕ ಯಾವ ಬೀದಿ ಇದೆಯೋ, ಸಾಲಿನಲ್ಲೂ ಹಾಗೇ ಕೂತಿರುತ್ತಾರೆ. ನಾಲ್ಕೈದು ಮಕ್ಕಳು ಮನೆಯಿಂದ ಡಬ್ಬಿ ತರುತ್ತಾರೆ, ಅವರು ಕಟ್ಟೆ ಮೇಲೆ. ಇಲ್ಲೇ ಕೂರು ಅಂತ ಯಾರೂ ಹೇಳಿಲ್ಲ, ಯಾರೂ ಬೈದಿಲ್ಲ. ಆದರೂ ಹಾಗೇ.

ಡಿಸೆಂಬರ್ 3ಕ್ಕೆ ವಿಶೇಷ ಚೇತನರ ದಿನ ಮಾಡುತ್ತೇವೆ. ಬ್ಯಾನರ್ ಕಟ್ಟಿ, ಫೋಟೊ ತೆಗೆದು, ಗ್ರೂಪಿಗೆ ಹಾಕುತ್ತೇವೆ. ಡಿಸೆಂಬರ್ 4ಕ್ಕೆ ಹುಡುಗ ಮತ್ತೆ ಸ್ಕೋರ್ ಬರೆಯುತ್ತಿರುತ್ತಾನೆ.

ನಿಮ್ಮ ಶಾಲೆಯಲ್ಲೋ ಕೆಲಸದ ಜಾಗದಲ್ಲೋ ನಿಜವಾಗಿ ಏನಾದರೂ ಬದಲಾಗಿದ್ದರೆ ಅದು ಹೇಗಾಯ್ತು ಅಂತ ಬರೆಯಿರಿ. ಭಾಷಣ ಬೇಡ ಪ್ಲೀಸ್, ಅದನ್ನು ನಾನೇ ಮಾಡುತ್ತೇನೆ, ಚೆನ್ನಾಗೇ ಮಾಡುತ್ತೇನೆ.

ಕೋಟೆ_ನಲಿಕಲಿ

ಟೀಚರ್, ನಾನು ಎಚ್.ಡಿ. ಕೋಟೆ ಕಡೆಯವನು. ನಲಿಕಲಿ, ಅಂದರೆ ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ಪದ್ಧತಿ, ಶುರುವಾಗಿದ್ದೇ ನಮ್ಮಲ್ಲಿ, 1995ರಲ್ಲಿ. ಅದರ ಬಗ್ಗೆ ನೂರು ದೂರು ಇವೆ, ನನ್ನವೂ ಇವೆ. ಆದರೆ ನಿಮ್ಮ ಪ್ರಶ್ನೆಗೆ ಬೇಕಾದ ಒಂದು ವಿಷಯ ಅದರಲ್ಲಿದೆ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಯಾವ ಗುಂಪು ಅನ್ನುವುದನ್ನು ಮಗು ಆರಿಸಿಕೊಳ್ಳುವುದಿಲ್ಲ. ಕಲಿಕಾ ಏಣಿಯಲ್ಲಿ, ಅಂದರೆ ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಟ್ಟಿಯಲ್ಲಿ, ಮಗು ಎಲ್ಲಿದೆಯೋ ಅದರ ಮೇಲೆ ಗುಂಪು. ಮೆಟ್ಟಿಲು ಹತ್ತಿದ ಹಾಗೆ ಪಕ್ಕದಲ್ಲಿ ಕೂರುವವರು ಬದಲಾಗುತ್ತಾರೆ.

ಮುಂದಿನ ಕ್ಲಾಸಿಗೆ ಹೋದ ತಕ್ಷಣ ಬೆಂಚು. ಬೆಂಚು ಬಂತು ಅಂದರೆ 'ನನ್ನ ಜಾಗ' ಬಂತು. ಅಲ್ಲಿಂದ ಶುರು.

ಊಟದ ಸಾಲಿಗೆ ನಾವು ಮಾಡಿದ್ದು ಇಷ್ಟೇ. ಹಾಜರಿ ಪುಸ್ತಕದ ನಂಬರ್ ಪ್ರಕಾರ ಕೂರಿಸಿದೆವು, ಸೋಮವಾರ ಸೋಮವಾರ ಬೇರೆ ನಂಬರ್‌ನಿಂದ ಶುರು. ಕಾರಣ ಕೇಳಿದರೆ 'ತಟ್ಟೆ ಎಣಿಸಲು ಸುಲಭ' ಅಂದೆವು. ಜಾತಿ ಗೀತಿ ಅಂತ ಬಾಯಿ ಬಿಡಲೇ ಇಲ್ಲ.

ಇನ್ನೊಂದು ಮಾತು. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು ಅಂತ ನಿಯಮವೇ ಇದೆ. ಎಲ್ಲ ಕಡೆ ಏನಾಗುತ್ತದೆ? ಅಡುಗೆ ಮನೆ ಬಾಗಿಲಲ್ಲಿ ನಿಂತು ಒಂದು ಚಮಚ ಬಾಯಿಗೆ ಹಾಕಿ, ರಿಜಿಸ್ಟರ್‌ಗೆ ಸೈನ್. ಅದರ ಬದಲು ತಟ್ಟೆ ಹಿಡಿದು ಸಾಲಿನ ನಡುವೆ ಕೂತು ನೋಡಿ. ಕಟ್ಟೆ ಮೇಲಿನ ಡಬ್ಬಿಯವರು ಒಬ್ಬೊಬ್ಬರೇ ಇಳಿದು ಬರುತ್ತಾರೆ. ಎಲ್ಲರೂ ಬರುವುದಿಲ್ಲ. ಬಂದಷ್ಟು ಲಾಭ.

ನಿವೃತ್ತ_ಹೆಡ್‌ಮೇಷ್ಟ್ರು

ನಮ್ಮ ಕಾಲದಲ್ಲಿ ಈ ಸಮನ್ವಯ, ಒಳಗೊಳ್ಳುವಿಕೆ ಎಲ್ಲ ಇರಲಿಲ್ಲ. ಬೆತ್ತ ಇತ್ತು. ಎಲ್ಲರಿಗೂ ಒಂದೇ ಬೆತ್ತ. ಅದಕ್ಕಿಂತ ಸಮಾನತೆ ಬೇಕಾ?

ಬಯಲುಸೀಮೆ_ಹುಡುಗ

ಸರ್, ಬೆತ್ತ ಒಂದೇ ಇತ್ತು, ಏಟು ಒಂದೇ ಇರಲಿಲ್ಲ. ಪಟೇಲರ ಮನೆ ಹುಡುಗನಿಗೆ ಬೀಳುತ್ತಿದ್ದ ಸದ್ದೇ ಬೇರೆ, ನಮಗೆ ಬೀಳುತ್ತಿದ್ದ ಸದ್ದೇ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆ, 17ನೇ ಕಲಂ: ಹೊಡೆಯುವುದೂ ಇಲ್ಲ, ಮನಸ್ಸಿಗೆ ಹಿಂಸೆ ಕೊಡುವುದೂ ಇಲ್ಲ. ಎರಡನೆಯದನ್ನು ಯಾರೂ ಓದುವುದೇ ಇಲ್ಲ.

ಕಿವಿಮಷಿನ್

ಟೀಚರ್, ನಾನು ನಿಮ್ಮ ಹುಡುಗನ ಕಡೆಯವನು. ಚಿಕ್ಕಂದಿನಿಂದ ಕಿವಿ ಕೇಳುವುದು ಕಡಿಮೆ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಅಮ್ಮ ನನ್ನನ್ನು ಎತ್ತಿಕೊಂಡು ಓಡಾಡಿದ್ದಾರೆ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ.

ಮಕ್ಕಳು ಅವನನ್ನು ಯಾಕೆ ಮಾತಾಡಿಸುತ್ತಿಲ್ಲ ಅಂತ ನಾನು ಹೇಳಬಲ್ಲೆ. ಮೊದಲು ಮಾತಾಡಿಸಿರುತ್ತಾರೆ. ಅವನು 'ಏನು?' ಅಂದಿರುತ್ತಾನೆ. ಇನ್ನೊಂದು ಸಲ ಹೇಳಿರುತ್ತಾರೆ, ಮತ್ತೆ 'ಏನು?'. ಆಗ 'ಏನಿಲ್ಲ ಬಿಡು' ಅಂದಿರುತ್ತಾರೆ. ಈ 'ಏನಿಲ್ಲ ಬಿಡು' ನನಗೆ ಒಂದನೇ ಕ್ಲಾಸಿನಿಂದ ಮೊನ್ನೆಯ ಟೀಮ್ ಮೀಟಿಂಗ್‌ವರೆಗೂ ಸಿಕ್ಕಿದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿರುತ್ತಾರೆ, ಏನಾಯ್ತು ಅಂತ ಕೇಳಿದರೆ 'ಆಮೇಲೆ ಹೇಳ್ತೀನಿ'. ಆಮೇಲೆ ಯಾರೂ ಹೇಳುವುದಿಲ್ಲ. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ಎರಡು ಸಲ ಹೇಳುವ ತಾಳ್ಮೆ ಇಲ್ಲ, ಅಷ್ಟೇ. ಮಕ್ಕಳಿಗೆ ನೀವು ಹೇಳಿಕೊಡಬೇಕಾದ್ದು ಇದೊಂದೇ: ಅವನಿಗೆ ಹೇಳುವಾಗ ಮುಖ ತೋರಿಸಿ ಹೇಳಿ, ಅರ್ಥವಾಗದಿದ್ದರೆ ಬೇರೆ ಪದದಲ್ಲಿ ಹೇಳಿ, ಬಿಡು ಅನ್ನಬೇಡಿ.

ಮಷಿನ್ ಅಂದರೆ ಕನ್ನಡಕ ಇದ್ದ ಹಾಗೆ, ಹಾಕಿದ ತಕ್ಷಣ ಸರಿಹೋಗುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಅದು ನಿಮ್ಮ ಮಾತನ್ನೂ ಜೋರು ಮಾಡುತ್ತದೆ, ಫ್ಯಾನಿನ ಕಿರಕಿರಿಯನ್ನೂ, ಬೆಂಚು ಎಳೆಯುವ ಸದ್ದನ್ನೂ, ಶೀಟಿನ ಮೇಲೆ ಬೀಳುವ ಮಳೆಯನ್ನೂ ಜೋರು ಮಾಡುತ್ತದೆ. ಹಾಗಾಗಿ ಅವನು ಅರ್ಧ ಕೇಳಿ, ಅರ್ಧ ನಿಮ್ಮ ತುಟಿ ನೋಡಿ ತಿಳಿದುಕೊಳ್ಳುತ್ತಿರುತ್ತಾನೆ. ನೀವು ಬೋರ್ಡ್ ಕಡೆ ತಿರುಗಿ ಬರೆಯುತ್ತಾ ಪಾಠ ಮಾಡಿದರೆ ಆ ಹೊತ್ತಿನ ಪಾಠ ಅವನ ಪಾಲಿಗೆ ಹೋಯಿತು. ಕಿಟಕಿಗೆ ಬೆನ್ನು ಮಾಡಿ ನಿಂತರೂ ಅಷ್ಟೇ, ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ.

ಇನ್ನು, ಅವನನ್ನು ಮೊದಲ ಬೆಂಚಿಗೆ ಹಾಕಿರುತ್ತೀರಿ. ಎಲ್ಲರೂ ಹಾಕುತ್ತಾರೆ. ಅಲ್ಲಿ ನೀವು ಕಾಣುತ್ತೀರಿ, ಕ್ಲಾಸ್ ಕಾಣುವುದಿಲ್ಲ. ಹಿಂದಿನಿಂದ ಯಾರು ಉತ್ತರ ಹೇಳಿದರು, ಯಾಕೆ ನಕ್ಕರು, ಒಂದೂ ಗೊತ್ತಾಗುವುದಿಲ್ಲ. ಎರಡನೇ ಬೆಂಚು, ಗೋಡೆ ಪಕ್ಕ ಕೂರಿಸಿ. ಸ್ವಲ್ಪ ತಿರುಗಿದರೆ ಎಲ್ಲರ ಮುಖವೂ ಸಿಗುತ್ತದೆ. ಬೇರೆ ಮಕ್ಕಳು ಹೇಳಿದ ಉತ್ತರವನ್ನು ನೀವೊಮ್ಮೆ ಜೋರಾಗಿ ಹೇಳಿ. ಕಿವಿ ಕೇಳುವ ಮಕ್ಕಳಿಗೂ ಅದರಿಂದ ಒಳ್ಳೆಯದೇ.

ಗುಂಡಿಯಷ್ಟು ಚಿಕ್ಕ ಬ್ಯಾಟರಿ ಅದರದು, ಕೆಲವೇ ದಿನ ಬರುತ್ತದೆ. ಸೋಮವಾರ ಸತ್ತು, ಅಪ್ಪ ಸಂತೆಗೆ ಹೋಗುವುದು ಶನಿವಾರ ಅಂದರೆ ಅವನಿಗೆ ಆ ವಾರ ಶಾಲೆ ಇಲ್ಲ. ಒಂದು ಸೆಟ್ ತರಿಸಿ ಆಫೀಸ್ ಬೀರುವಿನಲ್ಲಿ ಇಡಿ.

ಸ್ಕೋರ್ ಪುಸ್ತಕ ಮೊದಲು ಕಿತ್ತುಕೊಳ್ಳಿ. ಖೋಖೋ ಆಡಿಸಿ. ಖೋ ಕೊಡುವವರು ಹಿಂದಿನಿಂದ ಮುಟ್ಟಿ ಖೋ ಅನ್ನಬೇಕು ಅಂತಲೇ ನಿಯಮ. ಮುಟ್ಟಿದ್ದು ಸಾಕಲ್ಲ, ಅವನು ಎದ್ದು ಓಡುತ್ತಾನೆ. ಅವನಿಗೋಸ್ಕರ ಆಟ ಬದಲಿಸುವುದೇ ಬೇಡ. ವಿಸಿಲ್ ಊದುವವರು ಕೈಯನ್ನೂ ಎತ್ತಿದರೆ ಆಯಿತು. ಬೆವರಿಗೆ ಮಷಿನ್ ಹಾಳಾಗುತ್ತದೆ, ಆಡುವಾಗ ತೆಗೆದು ಡಬ್ಬಿಯಲ್ಲಿ ಇಡಲಿ.

ನಿವೃತ್ತ_ಹೆಡ್‌ಮೇಷ್ಟ್ರು

ಖೋಖೋ ವಿಷಯ ಚೆನ್ನಾಗಿದೆ. ನನಗೆ ಹೊಳೆದಿರಲಿಲ್ಲ.

ಎಸ್‌ಡಿಎಂಸಿ_ಅಪ್ಪ

ನಾನು ಕಲಬುರಗಿ ಜಿಲ್ಲೆಯ ಒಂದು ಊರಿನ ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ, ಉಸ್ತುವಾರಿ ಸಮಿತಿ) ಸದಸ್ಯ. ಊಟದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಈ ಬಿಸಿಯೂಟ ಮೊದಲು ಬಂದಿದ್ದು ನಮ್ಮ ಭಾಗಕ್ಕೇ. ಮೊಟ್ಟೆ ಬಂದಿದ್ದೂ ನಮಗೇ ಮೊದಲು, 2021ರ ಡಿಸೆಂಬರ್‌ನಲ್ಲಿ. ಆಗ ಏನು ಗಲಾಟೆ ಅಂತ ನಿಮಗೆ ನೆನಪಿರಬಹುದು. ಮೊಟ್ಟೆ ತಿನ್ನುವವರು ಬೇರೆ, ಬಾಳೆಹಣ್ಣಿನವರು ಬೇರೆ ಆಗಿಬಿಡುತ್ತಾರೆ, ಮಕ್ಕಳಲ್ಲಿ ಭೇದ ಬರುತ್ತದೆ ಅಂದರು. ಭೇದ ಮೊಟ್ಟೆ ತಂದಿದ್ದಾ? ಅದಕ್ಕೂ ಮೊದಲು ಇತ್ತು. ನಮ್ಮಲ್ಲಿ ಮೊಟ್ಟೆಯವರದ್ದು ಒಂದು ಸಾಲು, ಬಾಳೆಹಣ್ಣಿನವರದ್ದು ಒಂದು ಸಾಲು ಮಾಡಿದ್ದರು. ಬಡಿಸುವುದಕ್ಕೆ ಅನುಕೂಲ ಅಂತ. ನಾವು ಸಭೆಯಲ್ಲಿ ಕೂತು ಒಂದೇ ಸಾಲು ಮಾಡಿಸಿದೆವು. ಅಡುಗೆಯವರು ಎರಡು ಬುಟ್ಟಿ ಹಿಡಿದು ಬರುತ್ತಾರೆ, ಮಗು ಕೈ ಚಾಚಿದ್ದನ್ನು ಕೊಡುತ್ತಾರೆ. 2024ರಿಂದ ವಾರಕ್ಕೆ ಆರು ದಿನ ಆಗಿದೆ, ಈಗ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಕಷ್ಟ ಇರುವುದು ಅಡುಗೆಯವರ ವಿಷಯದಲ್ಲಿ. ಅಡುಗೆಗೆ ದಲಿತರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ನಮ್ಮಲ್ಲಿ ಹೊಸ ಅಡುಗೆ ಅಕ್ಕ ಬಂದಾಗ ಕೆಲವು ಮನೆಯವರು ಮಕ್ಕಳನ್ನು ಊಟಕ್ಕೆ ಮನೆಗೆ ಕರೆದರು. ಜಗಳ ಮಾಡಲಿಲ್ಲ, ಸುಮ್ನೆ ಕರೆದರು. ಸಭೆಯಲ್ಲಿ ಕೇಳಿದರೆ 'ಮಗನಿಗೆ ಹೊಟ್ಟೆ ಸರಿ ಇಲ್ಲ'. ಎಲ್ಲರ ಮಕ್ಕಳಿಗೂ ಒಂದೇ ವಾರ ಹೊಟ್ಟೆ ಕೆಟ್ಟಿದೆ ನೋಡಿ! ಕೆಲವರು ಅಡುಗೆಯವರನ್ನೇ ಬದಲಿಸಿ, ಊರು ತಣ್ಣಗಿರಲಿ ಅಂದರು. ಅಧ್ಯಕ್ಷರು ಒಪ್ಪಲಿಲ್ಲ. ಬದಲಿಸಬೇಕಾದರೆ ಕಾರಣ ನಡಾವಳಿ ಪುಸ್ತಕದಲ್ಲಿ ಬರೆದು, ಕೇಳಿದವರು ಸಹಿ ಹಾಕಲಿ ಅಂದರು. ಯಾರೂ ಪೆನ್ ಮುಟ್ಟಲಿಲ್ಲ. ಮಕ್ಕಳು ತಿಂಗಳೊಳಗೆ ತಾವಾಗೇ ಬಂದರು, ಒಂದು ಮನೆಯವರು ಮಾತ್ರ ಇವತ್ತಿಗೂ ಇಲ್ಲ.

ಆರನೇ_ಕ್ಲಾಸ್_ಟೀಚರ್

ಆ ನಡಾವಳಿ ಪುಸ್ತಕದ ಉಪಾಯ ನಾನು ಕದಿಯುತ್ತೇನೆ ಸರ್.

ಲೈನ್_ನಂಬರ್_ಏಳು

ನಾನು ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಈಗ ಸೂಪರ್‌ವೈಸರ್. ಬೆಂಗಳೂರು ಹೊರವಲಯ. ಫ್ಯಾಕ್ಟರಿ ಹೆಸರು ಕೇಳಬೇಡಿ.

ನಮ್ಮಲ್ಲಿ ಟಾಯ್ಲೆಟ್‌ಗೆ ಟೋಕನ್ ಇತ್ತು. ಒಂದು ಲೈನಿಗೆ ಎರಡೇ. ಟೋಕನ್ ಸೂಪರ್‌ವೈಸರ್ ಟೇಬಲ್ ಮೇಲೆ, ಗಂಟೆ ಗಂಟೆಗೆ ಎಷ್ಟು ಪೀಸ್ ಆಯ್ತು ಅಂತ ಬರೆಯುವ ಬೋರ್ಡ್ ಪಕ್ಕದಲ್ಲೇ. ಹೋಗಿ ಕೇಳಬೇಕು, ಎಲ್ಲರ ಎದುರಿಗೆ. ಹಾಗಾಗಿ ಹೆಂಗಸರು ನೀರೇ ಕುಡಿಯುತ್ತಿರಲಿಲ್ಲ. ನಾನು ಸೂಪರ್‌ವೈಸರ್ ಆದ ಮೇಲೆ ಟೋಕನ್ನನ್ನು ನನ್ನ ಟೇಬಲ್‌ನಿಂದ ತೆಗೆದು ಲೈನಿನ ಕೊನೆಯ ಕಂಬಕ್ಕೆ ನೇತುಹಾಕಿದೆ. ಬೇಕಾದವರು ತೆಗೆದುಕೊಂಡು ಹೋಗಿ, ವಾಪಸ್ ಬಂದು ಹಾಕುತ್ತಾರೆ. ಕೇಳುವುದಿಲ್ಲ. ಟಾರ್ಗೆಟ್ ಕಡಿಮೆ ಆಗಲಿಲ್ಲ. ಫ್ಲೋರ್ ಇನ್‌ಚಾರ್ಜ್ ಎರಡು ದಿನ ಗುರ್ ಅಂದರು, ಆಮೇಲೆ ಬೋರ್ಡ್ ನೋಡಿ ಸುಮ್ಮನಾದರು.

2025ರ ಅಕ್ಟೋಬರ್‌ನಲ್ಲಿ ಸರ್ಕಾರ ತಿಂಗಳಿಗೆ ಒಂದು ದಿನ ಮುಟ್ಟಿನ ರಜೆ, ಸಂಬಳ ಸಮೇತ ಅಂತ ಒಪ್ಪಿಗೆ ಕೊಟ್ಟಿತು. ಗಾರ್ಮೆಂಟ್ಸ್‌ಗೂ ಅಂದರು. ಒಳ್ಳೆಯದೇ. ಆದರೆ ಇಪ್ಪತ್ತು ವರ್ಷದ ಹುಡುಗಿ ಆ ರಜೆಯನ್ನು ಯಾರ ಹತ್ತಿರ ಕೇಳಬೇಕು? ಎಲ್ಲ ಮಷಿನ್ ಓಡುತ್ತಿರುವಾಗ, ಕೂಗಿ ಕೇಳಬೇಕು! ಜೊತೆಗೆ ಅಟೆಂಡೆನ್ಸ್ ಬೋನಸ್ ಹೋಗುತ್ತದೇನೋ ಅನ್ನುವ ಹೆದರಿಕೆ. ಚೀಟಿ ಬರೆದು ಹಾಕುವ ಡಬ್ಬಿ ಇಡಿ ಅಂತ ಕೇಳಿದ್ದೇನೆ. ನೋಡೋಣ.

ಇನ್ನೊಂದು, ಕ್ರೆಷ್, ಅಂದರೆ ಕೆಲಸದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಜಾಗ. 50 ಜನ ಕೆಲಸಗಾರರಿದ್ದರೆ ಕ್ರೆಷ್ ಇರಬೇಕು ಅಂತ 2017ರಲ್ಲಿ ಕಾನೂನು ಬಂತು. ನಮ್ಮಲ್ಲಿ ಇದೆ. ತೊಟ್ಟಿಲು, ಗೊಂಬೆ, ಗೋಡೆ ಮೇಲೆ ಆನೆ ಚಿತ್ರ, ಎಲ್ಲ ಇದೆ. ಮಕ್ಕಳಿಲ್ಲ. ಆಫೀಸಿನವರು 'ಕೊಟ್ಟರೂ ಉಪಯೋಗಿಸಲ್ಲ ಇವರು' ಅನ್ನುತ್ತಾರೆ. ಬೆಳಗ್ಗೆ ನಮ್ಮ ಟೆಂಪೊ ನೋಡಿದ್ದೀರಾ? ಒಂಟಿ ಕಾಲಲ್ಲಿ ನಿಂತು ಬರುತ್ತೇವೆ. ಅದರಲ್ಲಿ ಒಂದು ವರ್ಷದ ಕೂಸನ್ನು ಎಲ್ಲಿ ಹಿಡಿದುಕೊಳ್ಳುವುದು? ತಾಯಂದಿರಿಗೆ ಬೇರೆ ಗಾಡಿ ಕೊಡಿ, ಆಮೇಲೆ ತೊಟ್ಟಿಲು ಎಣಿಸಿ.

ಎಚ್‌ಆರ್_ಅಲ್ಲ

ಅಕ್ಕಾ, ಈ ಟೋಕನ್ ಕಂಬಕ್ಕೆ ಹೋಗಿದ್ದು ಓದಿ ತುಂಬ ಖುಷಿಯಾಯಿತು. ನಮ್ಮ ಆಫೀಸಿನಲ್ಲಿ ಇದೇ ವಿಷಯಕ್ಕೆ ದೊಡ್ಡ ಹೋಟೆಲ್‌ನಲ್ಲಿ ಟ್ರೇನಿಂಗ್ ಆಯ್ತು, ಬಣ್ಣದ ಚೀಟಿ ಅಂಟಿಸಿದೆವು, ಕಪ್‌ಕೇಕ್ ತಿಂದೆವು. ಅದೇ ಆಫೀಸಿನಲ್ಲಿ ಹೌಸ್‌ಕೀಪಿಂಗ್‌ನವರು ಮಧ್ಯಾಹ್ನ ಊಟ ಮಾಡುವುದು ಬೇಸ್‌ಮೆಂಟ್‌ನಲ್ಲಿ, ಜನರೇಟರ್ ಪಕ್ಕ, ರಟ್ಟಿನ ಮೇಲೆ ಕೂತು. ಕ್ಯಾಂಟೀನ್ ಅವರಿಗಲ್ಲ. ಕೇಳಿದರೆ 'ಅವರು ನಮ್ಮ ಸ್ಟಾಫ್ ಅಲ್ಲ, ಏಜೆನ್ಸಿಯವರು' ಅನ್ನುತ್ತಾರೆ. ಟೀಚರ್ ಹೇಳಿದ ಕಟ್ಟೆ ಮೇಲಿನ ಡಬ್ಬಿಗೂ ಇದಕ್ಕೂ ಏನು ವ್ಯತ್ಯಾಸ? ಇಲ್ಲಿ ಲಿಫ್ಟ್ ಇದೆ, ಅಷ್ಟೇ. ಅದೂ ಬೇರೆ ಲಿಫ್ಟ್.

ನಾವು ಮೂರ್ನಾಲ್ಕು ಜನ ಸೇರಿ ಕೇಳಿದ್ದು ಸಣ್ಣದು: ಎರಡೂವರೆ ಮೇಲೆ ಕ್ಯಾಂಟೀನ್ ಖಾಲಿ ಇರುತ್ತದಲ್ಲ, ಆಗ ಅವರೂ ಅಲ್ಲೇ ಕೂರಲಿ. ಅಡ್ಮಿನ್‌ನವರು ಒಪ್ಪಿದರು. ಎರಡೂವರೆ ತನಕ ಯಾಕೆ ಕಾಯಬೇಕು ಅಂತ ನೀವು ಕೇಳಬಹುದು. ಸರಿ, ಅದು ಮುಂದಿನ ಜಗಳ.

ಕೋರಮಂಗಲ_ಕನ್ನಡಿಗ

ನಮ್ಮ ಟೀಮಿನಲ್ಲಿ ಊಟದ ಟೇಬಲ್‌ನಲ್ಲಿ ಎಲ್ಲರೂ ಹಿಂದಿ. ನಾನೊಬ್ಬನೇ ಸುಮ್ಮನೆ ಅನ್ನ ಕಲಸುತ್ತಾ ಕೂರುತ್ತೇನೆ. ನಮ್ಮೂರಲ್ಲೇ ನಾವು ಹೊರಗಿನವರು! ಇದಕ್ಕೆ ಏನು ಹೇಳುತ್ತೀರಿ?

ಕಿವಿಮಷಿನ್

ಅಣ್ಣಾ, ನಿಮಗೆ ಊಟದ ಹೊತ್ತಿನಲ್ಲಿ ಆಗುವುದು ನನಗೆ ದಿನವಿಡೀ ಆಗುತ್ತದೆ, ನನಗೆ ನಿಮ್ಮ ಸಂಕಟ ಗೊತ್ತು. ಹಾಗೇ, ನಿಮ್ಮ ಟೀಮಿನಲ್ಲಿ ಕನ್ನಡವೂ ಹಿಂದಿಯೂ ಬಾರದ ಒಡಿಶಾದವರೋ ಮಣಿಪುರದವರೋ ಇದ್ದಾರಾ? ಇದ್ದರೆ ಅವರ ಪಕ್ಕ ಹೋಗಿ ಕೂತುಕೊಳ್ಳಿ. ನಿಮ್ಮಿಬ್ಬರಿಗೂ ಒಂದು ಮೂರನೇ ಭಾಷೆ ಸಿಗುತ್ತದೆ.

ನಿರ್ವಾಹಕ

ಭಾಷೆ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಹೋಗಿ ಆಡಿಕೊಳ್ಳಿ. ಇದರ ಕೆಳಗೆ ಬಂದಿದ್ದ ಒಂದಿಷ್ಟು ಕಾಮೆಂಟ್ ತೆಗೆದಿದ್ದೇನೆ.

ಪಂಚಾಯ್ತಿ_ಇಂಜಿನಿಯರ್

ರ್‍ಯಾಂಪ್ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು. ಒಂದು ಅಡಿ ಎತ್ತರ ಏರಬೇಕಾದರೆ ರ್‍ಯಾಂಪ್ ಹನ್ನೆರಡು ಅಡಿ ಉದ್ದ ಇರಬೇಕು. ನಿಮ್ಮ ಶಾಲೆಯದು ಹೋಗಿ ಅಳೆಯಿರಿ. ಬಹಳ ಕಡೆ ಎರಡು ಅಡಿ ಜಗಲಿಗೆ ಐದಾರು ಅಡಿ ಉದ್ದದ ರ್‍ಯಾಂಪ್ ಕಟ್ಟಿರುತ್ತಾರೆ. ಗಾಲಿಕುರ್ಚಿ ಅದರಲ್ಲಿ ಹತ್ತುವುದಿಲ್ಲ, ಇಳಿದರೆ ನಿಲ್ಲುವುದಿಲ್ಲ. ಉಪಯೋಗ ಆಗುವುದು ಮೇಷ್ಟ್ರ ಬೈಕ್ ಜಗಲಿಗೆ ಹತ್ತಿಸಲು ಮಾತ್ರ. ಬಿಲ್ ಆಗಿರುತ್ತದೆ, ವರದಿಯಲ್ಲಿ 'ರ್‍ಯಾಂಪ್ ಇದೆ' ಅಂತ ಟಿಕ್ ಬಿದ್ದಿರುತ್ತದೆ.

ಹತ್ತಿದ ಮೇಲೂ ಕ್ಲಾಸ್ ರೂಮಿನ ಹೊಸ್ತಿಲು ಇರುತ್ತದೆ. ಟಾಯ್ಲೆಟ್‌ಗೆ ಹೋಗುವ ದಾರಿಯಲ್ಲಿ ಜಲ್ಲಿ ಇರುತ್ತದೆ. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಅಂಗವೈಕಲ್ಯದ ವಿಧಗಳು 7ರಿಂದ 21 ಆದವು. ಕಟ್ಟುವ ನಮಗೆ ಇನ್ನೂ ಕಣ್ಣಿಗೆ ಬಿದ್ದಿರುವುದು ಗಾಲಿಕುರ್ಚಿ ಒಂದೇ, ಅದಕ್ಕೂ ದಾರಿ ಸರಿ ಮಾಡಿಲ್ಲ. ಜಾಗ ಇಲ್ಲದಿದ್ದರೆ ರ್‍ಯಾಂಪನ್ನು ನಡುವೆ ತಿರುಗಿಸಿ ಕಟ್ಟಬಹುದು, ತಿರುವಿನಲ್ಲಿ ಸಮತಟ್ಟಾದ ಜಾಗ ಬಿಟ್ಟು. ಅಂದಾಜು ಪಟ್ಟಿ ಮಾಡುವಾಗಲೇ ಹೇಳಿ, ಕಾಂಕ್ರೀಟ್ ಬಿದ್ದ ಮೇಲೆ ಯಾರೂ ಒಡೆಯುವುದಿಲ್ಲ.

ನಿವೃತ್ತ_ಹೆಡ್‌ಮೇಷ್ಟ್ರು

ಬೆತ್ತದ ಮಾತಿಗೆ ಇಷ್ಟು ಏಟು ತಿಂದಿದ್ದೇನೆ, ಇರಲಿ. ಒಂದು ಕೆಲಸದ ಮಾತು ಹೇಳುತ್ತೇನೆ, ತೆಗೆದುಕೊಳ್ಳಿ ಟೀಚರಮ್ಮ. ಊಟದ ಸಾಲು ನೋಡಿದಿರಿ, ಸರಿ. ಕಸ ಗುಡಿಸಲು ಯಾರನ್ನು ಕರೆಯುತ್ತೀರಿ ಅಂತಲೂ ನೋಡಿ. ನೀರು ತರಲು ಯಾರು, ಆಫೀಸಿಗೆ ಟೀ ತರಲು ಯಾರು, ಸಾಹೇಬರು ಬಂದಾಗ ಹಾರ ಹಾಕಲು ಯಾರು. ಪೊರಕೆಗೆ ಒಂದೇ ಮೂರು ಹೆಸರು ಬರುತ್ತವೆ, ಹಾರಕ್ಕೆ ಬೇರೆ ಮೂರು ಹೆಸರು. ಬೇಕು ಅಂತ ಯಾರೂ ಮಾಡುವುದಿಲ್ಲ, ಬಾಯಿಗೆ ಹಾಗೇ ಬರುತ್ತದೆ. ಪಾಳಿ ಪಟ್ಟಿ ಬರೆದು ಗೋಡೆಗೆ ಅಂಟಿಸಿ. ಪೊರಕೆ, ಹಾರ ಎರಡೂ ಒಂದೇ ಪಟ್ಟಿಯಲ್ಲಿ ಇರಲಿ. ಗಂಡು ಹುಡುಗರೂ ಗುಡಿಸಲಿ. ಇನ್‌ಸ್ಪೆಕ್ಷನ್ ದಿನವೂ ಪಟ್ಟಿ ಮುರಿಯಬೇಡಿ. ಅವತ್ತೇ ಎಲ್ಲರೂ ಮುರಿಯುವುದು.

ಬಯಲುಸೀಮೆ_ಹುಡುಗ

ಸರ್, ಇದನ್ನು ಮೊದಲೇ ಬರೆದಿದ್ದರೆ ನಾನು ಯಾಕೆ ಜಗಳಕ್ಕೆ ಬರುತ್ತಿದ್ದೆ!

ಆರನೇ_ಕ್ಲಾಸ್_ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಮಧ್ಯೆ ಬರಲು ಆಗಲಿಲ್ಲ, ಸಮೀಕ್ಷೆ ಡ್ಯೂಟಿ.

ಎರಡನೇ ಬೆಂಚು, ಗೋಡೆ ಪಕ್ಕ, ಆಯಿತು. ಖೋಖೋ ಆಯಿತು. ಮೊದಲ ದಿನ ಮಕ್ಕಳು ಅವನಿಗೆ ಖೋ ಕೊಡದೆ ದಾಟಿ ಹೋಗುತ್ತಿದ್ದರು, ಔಟ್ ಮಾಡಲು ಆಗುವುದಿಲ್ಲ ಅಂತ. ಆಮೇಲೆ ಅವನು ಚೆನ್ನಾಗಿ ಓಡುತ್ತಾನೆ ಅಂತ ಗೊತ್ತಾಯಿತು. ಮೊನ್ನೆ ಫೌಲ್ ಕೊಟ್ಟಿದ್ದಕ್ಕೆ ಇನ್ನೊಬ್ಬನ ಜೊತೆ ಜೋರು ಜಗಳ. ಇಬ್ಬರೂ ಬಂದು ನನ್ನ ಹತ್ತಿರ ದೂರು ಹೇಳಿದರು.

ಊಟದ ಸಾಲು ಕಷ್ಟವಾಗುತ್ತಿದೆ. ನಂಬರ್ ಪ್ರಕಾರ ಕೂರಿಸಿದ ಮೊದಲ ವಾರವೇ ಇಬ್ಬರು ತಾಯಂದಿರು ಬಂದು 'ನಮ್ಮ ಮಗು ಅದರ ಫ್ರೆಂಡ್ಸ್ ಜೊತೆ ಕೂತರೆ ಚೆನ್ನಾಗಿ ತಿನ್ನುತ್ತೆ ಮೇಡಂ' ಅಂದರು. ತಟ್ಟೆ ಎಣಿಸುವ ನೆಪ ಹೇಳಿದೆ. ನಂಬಲಿಲ್ಲ ಅಂತ ಮುಖದಲ್ಲೇ ಗೊತ್ತಾಯಿತು. ಶನಿವಾರ ಎಸ್‌ಡಿಎಂಸಿ ಸಭೆ ಇದೆ. ನಡಾವಳಿ ಪುಸ್ತಕ ಟೇಬಲ್ ಮೇಲೆ ಇಟ್ಟಿರುತ್ತೇನೆ.

ಲೈನ್_ನಂಬರ್_ಏಳು

ಗೊತ್ತಿದ್ದವರು ಹೇಳಿ. ನಮ್ಮಲ್ಲಿ ಲೈಂಗಿಕ ಕಿರುಕುಳದ ದೂರು ಸಮಿತಿ ಇದೆ ಅಂತ ಗೇಟ್ ಹತ್ತಿರ ಬೋರ್ಡ್ ಇದೆ. ಪೂರ್ತಿ ಇಂಗ್ಲಿಷ್‌ನಲ್ಲಿ. ಅದರಲ್ಲಿರುವ ಒಂದು ಫೋನ್ ನಂಬರ್ ಕೆಲಸ ಬಿಟ್ಟು ಹೋದವರದ್ದು. ನಮ್ಮ ಪಕ್ಕದ ಲೈನ್ ಹುಡುಗಿಯೊಬ್ಬಳು ಕೇಳುತ್ತಿದ್ದಾಳೆ, ಅವಳು ಗುತ್ತಿಗೆಯವಳು. ಅವಳು ದೂರು ಕೊಡಬಹುದಾ? ಯಾರಿಗೆ?

ಎಚ್‌ಆರ್_ಅಲ್ಲ

ಕೊಡಬಹುದು ಅಕ್ಕಾ. 2013ರ ಕಾಯ್ದೆಯಲ್ಲಿ ಗುತ್ತಿಗೆ, ದಿನಗೂಲಿ, ಟ್ರೇನಿ ಎಲ್ಲರೂ ಸೇರುತ್ತಾರೆ. 'ಏಜೆನ್ಸಿಯವರು' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹತ್ತು ಜನರಿದ್ದರೂ ಸಮಿತಿ ಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಅರ್ಧದಷ್ಟಾದರೂ ಹೆಂಗಸರು, ಹೊರಗಿನವರೊಬ್ಬರು ಇರಲೇಬೇಕು. ಸಮಿತಿ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ.

ಸಮಿತಿ ಬೋರ್ಡ್‌ನಲ್ಲಿ ಮಾತ್ರ ಇದ್ದು, ಅವಳಿಗೆ ಹೆದರಿಕೆ ಇದ್ದರೆ ಶೀ-ಬಾಕ್ಸ್ ಅನ್ನುವ ಕೇಂದ್ರ ಸರ್ಕಾರದ ವೆಬ್‌ಸೈಟ್‌ನಲ್ಲಿ ದೂರು ಹಾಕಬಹುದು. ಸಮಿತಿಯೇ ಇಲ್ಲ ಅಂತಾದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಮಿತಿ ಇರಬೇಕು, ಅಲ್ಲಿಗೆ ಕೊಡಬೇಕು. ಡಿಸಿ ಆಫೀಸಿನಲ್ಲೋ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲೋ ವಿಚಾರಿಸಿ.

ಒಂದು ಮುಖ್ಯ: ಘಟನೆ ಆಗಿ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಸರಿಯಾದ ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಕೊಡುತ್ತಾರೆ, ಆದರೆ ಕಾಯಬೇಡಿ. ಅವಳಿಗೆ ಬರೆಯಲು ಕಷ್ಟವಾದರೆ ಸಮಿತಿಯವರೇ ಬರೆಯಲು ಸಹಾಯ ಮಾಡಬೇಕು ಅಂತ ಕಾನೂನಿನಲ್ಲೇ ಇದೆ. ಕನ್ನಡದಲ್ಲೇ ಬರೆಯಲಿ. ತಾರೀಖು, ಸಮಯ, ಯಾರು ನೋಡಿದ್ದರು, ಇಷ್ಟು ಇರಲಿ. ಒಂದು ಕಾಪಿ ಅವಳ ಹತ್ತಿರ ಇರಬೇಕು, ಕೊಟ್ಟಿದ್ದಕ್ಕೆ ಸೀಲ್ ಹಾಕಿಸಿಕೊಳ್ಳಲಿ.

ಲೈನ್_ನಂಬರ್_ಏಳು

ಸರಿ. ಭಾನುವಾರ ಅವಳ ರೂಮಿಗೆ ಹೋಗಿ ಕೂತು ಬರೆಸುತ್ತೇನೆ. ಆ ಬೋರ್ಡಿನ ಫೋಟೊನೂ ತೆಗೆದಿಟ್ಟಿದ್ದೇನೆ, ಅದರ ಬಗ್ಗೆ ಬೇರೆ ಅರ್ಜಿ ಹಾಕಬೇಕಾ, ಇದರಲ್ಲೇ ಸೇರಿಸಬಹುದಾ?

ಎಚ್‌ಆರ್_ಅಲ್ಲ

ಬೇರೆ ಹಾಕಿ. ಅವಳ ದೂರಿನ ಜೊತೆ ಬೆರೆಸಬೇಡಿ. ಅದನ್ನು ಅವಳ ಹೆಸರಿನಲ್ಲೂ ಬೇಡ, ನಾಲ್ಕೈದು ಲೈನಿನವರು ಸೇರಿ ಸಹಿ ಹಾಕಿ ಕೊಡಿ.